ಬಾವುಟಕ್ಕೂ ಮೊದಲು ನಾಲೆ ಇತ್ತು

ಬೆಂಗಳೂರಿಂದ ಮೈಸೂರಿಗೆ ಈಗ ಕಾರಲ್ಲಿ ಹೊರಟರೆ ಮೇಲ್ಸೇತುವೆ ಹತ್ತಿ ಮದ್ದೂರನ್ನ ದಾಟಿಬಿಡ್ತೀವಿ. ಮದ್ದೂರು ವಡೆ ಬೇಕು ಅನ್ನೋರು ಮಾತ್ರ ಹಳೇ ರಸ್ತೆಗೆ ಇಳೀತಾರೆ. ಅಲ್ಲೇ ಹತ್ತಿರದಲ್ಲಿ ಶಿವಪುರ ಇದೆ. ಅಲ್ಲೊಂದು ಸತ್ಯಾಗ್ರಹ ಸೌಧ ಇದೆ. ಇವತ್ತಿನ ಮಾತು ಆ ಊರಿನದ್ದು.

ಶಾಲೆಯಲ್ಲಿ ಇದು ಒಂದು ಅಂಕದ ಪ್ರಶ್ನೆ. ಶಿವಪುರ ಧ್ವಜ ಸತ್ಯಾಗ್ರಹ ನಡೆದದ್ದು ಯಾವಾಗ? 1938ರ ಏಪ್ರಿಲ್. ಉತ್ತರ ಬರೆದರೆ ಮುಗೀತು. ಆದರೆ ವೀಕ್ಷಕರೇ, ನನ್ನ ಪ್ರಶ್ನೆ ಬೇರೆ. ಬೆಂಗಳೂರು ಬಿಟ್ಟು, ಮೈಸೂರು ಬಿಟ್ಟು, ಈ ಸಣ್ಣ ಹಳ್ಳಿಯಲ್ಲೇ ಯಾಕೆ ನಡೀತು? ಇನ್ನೊಂದು ಪ್ರಶ್ನೆ, ಅದು ಯಾರ ವಿರುದ್ಧ ನಡೀತು?

ಎರಡನೆಯದನ್ನೇ ಮೊದಲು ತಗೊಳ್ಳೋಣ. ಬಾವುಟ ಹಾರಿಸಬಾರದು ಅಂತ ಆದೇಶ ಹೊರಡಿಸಿದ್ದು ದೆಹಲಿಯ ವೈಸರಾಯ್ ಅಲ್ಲ. ಮೈಸೂರು ಸಂಸ್ಥಾನದ ಸರ್ಕಾರ. ದಿವಾನರು ಸರ್ ಮಿರ್ಜಾ ಇಸ್ಮಾಯಿಲ್. ಮಹಾರಾಜರು ನಾಲ್ವಡಿ ಕೃಷ್ಣರಾಜ ಒಡೆಯರ್. ಹೌದು, ಮಂಡ್ಯದ ಎಷ್ಟೋ ಮನೆಗಳಲ್ಲಿ ಇವತ್ತಿಗೂ ದೇವರ ಪಕ್ಕದಲ್ಲಿ ಯಾರ ಫೋಟೋ ಇದೆಯೋ, ಅದೇ ನಾಲ್ವಡಿಯವರು.

ಇಲ್ಲೇ ಇರೋದು ಗಂಟು. ಮೈಸೂರು ಅಂದರೆ ಮಾದರಿ ಸಂಸ್ಥಾನ. ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದಲ್ಲಿ 1902ರಲ್ಲೇ ವಿದ್ಯುತ್ ತಯಾರಾಗಿ ಕೋಲಾರದ ಚಿನ್ನದ ಗಣಿಗೆ ಹೋಯ್ತು. 1905ರಲ್ಲಿ ಬೆಂಗಳೂರಿನ ಬೀದಿಗಳಿಗೆ ದೀಪ ಬಂತು. ಕನ್ನಂಬಾಡಿ ಕಟ್ಟೆ ಎದ್ದಿತು. ಇರ್ವಿನ್ ನಾಲೆ, ಅಂದರೆ ನಾವು ಈಗ ವಿಶ್ವೇಶ್ವರಯ್ಯ ನಾಲೆ ಅನ್ನೋದು, ಹುಲಿಕೆರೆ ಹತ್ತಿರ ಸುರಂಗದೊಳಗೆ ಹರಿದು ಮಂಡ್ಯದ ಒಣ ಹೊಲಕ್ಕೆ ನೀರು ತಂತು. 1933ರಲ್ಲಿ ಮಂಡ್ಯದಲ್ಲಿ ಸಕ್ಕರೆ ಕಂಪನಿ ಶುರುವಾಯ್ತು. ಇಂಜಿನಿಯರಿಂಗ್ ಓದಿದವನು ನಾನು, ಈ ಪಟ್ಟಿ ಓದುವಾಗ ನನ್ನ ಎದೆಯೂ ಉಬ್ಬುತ್ತೆ. ಇಷ್ಟೆಲ್ಲ ಕೊಟ್ಟ ಸರ್ಕಾರದ ವಿರುದ್ಧ ಜನ ಯಾಕೆ ನಿಂತರು? ಋಣ ಮರೆತರಾ?

ಅಲ್ಲ. ಉತ್ತರ ಅದೇ ನಾಲೆಯಲ್ಲಿದೆ.

ಮಳೆ ನಂಬಿ ರಾಗಿ ಬೆಳೆಯುವ ರೈತನಿಗೆ ಸರ್ಕಾರ ಅಂದರೆ ವರ್ಷಕ್ಕೊಮ್ಮೆ ಬರುವ ಕಂದಾಯ. ನಾಲೆ ಬಂದ ಮೇಲೆ ಹಾಗಲ್ಲ. ತೂಬು ಯಾವಾಗ ಎತ್ತಬೇಕು ಅಂತ ಹೇಳೋದು ಸರ್ಕಾರ. ಬ್ಲಾಕ್ ಪದ್ಧತಿ ಬಂತು, ಈ ವರ್ಷ ಈ ಭಾಗಕ್ಕೆ ಕಬ್ಬು, ಆ ಭಾಗಕ್ಕೆ ಭತ್ತ ಅಂತ ಹೇಳೋದೂ ಸರ್ಕಾರ. ನೀರಿಗೆ ರೈತ ಎಷ್ಟು ಕಟ್ಟಬೇಕು ಅನ್ನೋದೂ ಅಲ್ಲೇ ತೀರ್ಮಾನ. ರೈತನ ಹೊಲದ ಅರ್ಧ ಯಜಮಾನಿಕೆ ಕಚೇರಿಗೆ ಹೋಯ್ತು. ಆ ಕಚೇರಿಯನ್ನ ಕೇಳೋಕೆ ರೈತನಿಗೆ ದಾರಿ ಎಲ್ಲಿತ್ತು? 1881ರಿಂದಲೂ ಪ್ರಜಾಪ್ರತಿನಿಧಿ ಸಭೆ ಇತ್ತು, ನಿಜ. ಅಲ್ಲಿ ಅಹವಾಲು ಹೇಳಬಹುದಿತ್ತು. ಆದರೆ ದಿವಾನರನ್ನ ಕೆಳಗಿಳಿಸುವ ಅಧಿಕಾರ ಆ ಸಭೆಗೆ ಇರಲಿಲ್ಲ.

1931-32ರಲ್ಲಿ ಇರ್ವಿನ್ ನಾಲೆ ಪ್ರದೇಶದ ರೈತರು ಎದ್ದು ನಿಂತರು. ನೀರಿನ ಹೆಸರಲ್ಲಿ ಹೇರಿದ ಹಣದ ಹೊರೆ ಇಳಿಸಿ ಅನ್ನೋದು ಅವರ ಕೂಗು. ಮುಂದೆ ನಿಂತವರು ಎಚ್.ಕೆ. ವೀರಣ್ಣಗೌಡರು. ಆ ಚಳವಳಿಯಲ್ಲಿ ಹಳ್ಳಿಯ ಜನ ಒಂದು ವಿದ್ಯೆ ಕಲಿತರು. ಊರೂರಿಗೆ ಸುದ್ದಿ ಮುಟ್ಟಿಸೋದು, ಅರ್ಜಿ ಬರೆಯೋದು, ಒಟ್ಟಿಗೆ ಹೊರಡೋದು, ಹೊಡೆದಾಟ ಆಗದಂತೆ ನೋಡಿಕೊಳ್ಳೋದು. ಶಿವಪುರಕ್ಕೆ ಅದೇ ಅಡಿಪಾಯ.

ಅಷ್ಟರಲ್ಲಿ ರಾಜಕೀಯವೂ ಬದಲಾಗ್ತಿತ್ತು. ಮೈಸೂರಿನಲ್ಲಿ ಕಾಂಗ್ರೆಸ್ ಅಂದರೆ ಬಹುಪಾಲು ಪೇಟೆಯ ವಕೀಲರು, ವಿದ್ಯಾವಂತರು. ಹಳ್ಳಿಯ ಜಮೀನುದಾರ ಸಮುದಾಯಗಳ ನಾಯಕರು ಪ್ರಜಾ ಸಂಯುಕ್ತ ಪಕ್ಷದಲ್ಲಿದ್ದರು. 1937ರಲ್ಲಿ ಈ ಪಕ್ಷ ಕಾಂಗ್ರೆಸ್‌ನಲ್ಲಿ ಸೇರಿಹೋಯ್ತು. ಮೈಸೂರು ಕಾಂಗ್ರೆಸ್ ಅಂತ ಒಂದು ದೊಡ್ಡ ಸಂಘಟನೆ ಆಯ್ತು. ಅದರ ಬೇಡಿಕೆ ಒಂದೇ ಮಾತಿನದು: ಜವಾಬ್ದಾರಿ ಸರ್ಕಾರ. ಮಹಾರಾಜರು ಇರಲಿ, ಆದರೆ ಮಂತ್ರಿಗಳು ಜನಕ್ಕೆ ಉತ್ತರ ಕೊಡಬೇಕು.

ಮೊದಲ ಅಧಿವೇಶನ ಎಲ್ಲಿ? ಶಿವಪುರ. ಮದ್ದೂರಿಗೆ ರೈಲಿದೆ, ಹೆದ್ದಾರಿ ಇದೆ, ಪಕ್ಕದಲ್ಲಿ ಶಿಂಷಾ ನದಿ ಇದೆ. ಎಲ್ಲಕ್ಕಿಂತ ಹೆಚ್ಚಾಗಿ, ಸರ್ಕಾರದ ಕಣ್ಣು ಕೆಂಪಾಗುತ್ತೆ ಅಂತ ಗೊತ್ತಿದ್ದೂ ತಮ್ಮ ಜಮೀನು ಬಿಟ್ಟುಕೊಟ್ಟ ತಿರುಮಲೇಗೌಡರಂಥವರು ಅಲ್ಲಿದ್ದರು. ಭಾಷಣ ಮಾಡಿದವನು ರಾತ್ರಿ ರೈಲು ಹತ್ತಿ ಹೋಗಬಹುದು. ಜಮೀನು ಕೊಟ್ಟವನು ಎಲ್ಲಿಗೆ ಹೋಗ್ತಾನೆ? ಬೆಳಗ್ಗೆ ಎದ್ದರೆ ಅದೇ ಊರು, ಅದೇ ತೂಬು, ಅದೇ ಅಧಿಕಾರಿ.

ಏಪ್ರಿಲ್ ಎರಡನೇ ವಾರ ಸಾವಿರಾರು ಜನ ಸೇರಿದರು. ಕಾಂಗ್ರೆಸ್ ಬಾವುಟ ಹಾರಿಸುವಂತಿಲ್ಲ ಅಂತ ನಿಷೇಧಾಜ್ಞೆ. ಅಧ್ಯಕ್ಷರಾದ ಟಿ. ಸಿದ್ದಲಿಂಗಯ್ಯನವರು ಹಾರಿಸಿದರು, ಬಂಧನವಾಯ್ತು. ಒಬ್ಬರಾದ ಮೇಲೆ ಒಬ್ಬರು ಮುಂದೆ ಬಂದರು. ಬಳ್ಳಾರಿ ಸಿದ್ದಮ್ಮನವರೂ ಸೆರೆಯಾದರು. ನಾಯಕರೆಲ್ಲ ಪೊಲೀಸ್ ವ್ಯಾನು ಹತ್ತಿದರೂ ಜನ ಚದುರಲಿಲ್ಲ, ಕಲ್ಲು ಎತ್ತಲಿಲ್ಲ. ಶಿವಪುರದಲ್ಲಿ ರಕ್ತ ಬೀಳಲಿಲ್ಲ.

ಅದೇ ತಿಂಗಳು 25ನೇ ತಾರೀಕು, ಗೌರಿಬಿದನೂರು ಬಳಿಯ ವಿದುರಾಶ್ವತ್ಥದಲ್ಲಿ ಅದೇ ಬಾವುಟಕ್ಕಾಗಿ ಜನ ಸೇರಿದಾಗ ಪೊಲೀಸರು ಗುಂಡು ಹಾರಿಸಿದರು. ಹಲವರು ಪ್ರಾಣ ಬಿಟ್ಟರು. ದೇಶವೇ ತಿರುಗಿ ನೋಡಿತು. ವಲ್ಲಭಭಾಯಿ ಪಟೇಲರು, ಆಚಾರ್ಯ ಕೃಪಲಾನಿಯವರು ಬಂದು ದಿವಾನರ ಜೊತೆ ಮಾತಾಡಿದರು. ಮೇ ತಿಂಗಳಲ್ಲಿ ಒಪ್ಪಂದ ಆಯ್ತು. ಸಂಸ್ಥಾನದ ಬಾವುಟದ ಜೊತೆಗೆ ಕಾಂಗ್ರೆಸ್ ಬಾವುಟವನ್ನೂ ಹಾರಿಸಬಹುದು!

ಬಾವುಟ ಸಿಕ್ತು. ಜವಾಬ್ದಾರಿ ಸರ್ಕಾರ ಸಿಕ್ಕಲಿಲ್ಲ. ಮಂಡ್ಯ ಪ್ರತ್ಯೇಕ ಜಿಲ್ಲೆಯಾಗಿದ್ದು 1939ರಲ್ಲಿ. ಆದರೆ ಕೆ.ಸಿ. ರೆಡ್ಡಿಯವರ ಮಂತ್ರಿಮಂಡಲ ಬರೋಕೆ 1947ರ ಅಕ್ಟೋಬರ್‌ವರೆಗೆ ಕಾಯಬೇಕಾಯ್ತು. ದೇಶಕ್ಕೆ ಸ್ವಾತಂತ್ರ್ಯ ಬಂದ ಮೇಲೂ ಮೈಸೂರಿನ ಜನ ‘ಮೈಸೂರು ಚಲೋ’ ಅಂತ ಬೀದಿಗಿಳಿಯಬೇಕಾಯ್ತು. ಇನ್ನೂ ಒಂದು ಮಾತು ಹೇಳಲೇಬೇಕು. ಶಿವಪುರದ ಮುಂದಾಳುಗಳು ಬಹುಪಾಲು ಭೂಮಿ ಇದ್ದವರು. ಅದೇ ಭೂಮಿಯಲ್ಲಿ ಗೇಣಿಗೆ ದುಡಿಯುವವನ ಸರದಿ ಬರೋಕೆ 1974ರ ದೇವರಾಜ ಅರಸರ ಭೂಸುಧಾರಣೆ ತನಕ ಆಯ್ತು.

ಈಗಲೂ ಕಾವೇರಿ ವಿಷಯ ಬಂದರೆ ಮಂಡ್ಯದ ಸಂಜಯ ವೃತ್ತದಲ್ಲಿ ಜನ ಸೇರ್ತಾರೆ, ಹೆದ್ದಾರಿ ನಿಲ್ಲುತ್ತೆ. ‘ಈ ಮಂಡ್ಯದವರಿಗೆ ಬೇರೆ ಕೆಲಸ ಇಲ್ವಾ?’ ಅಂತ ಟ್ರಾಫಿಕ್ಕಲ್ಲಿ ಸಿಕ್ಕಿಕೊಂಡವರು ಗೊಣಗ್ತಾರೆ. ಟೀವಿಯಲ್ಲಿ ಕಾಣೋದು ರಸ್ತೆ ತಡೆದ ದಿನ ಮಾತ್ರ. ಅದಕ್ಕೂ ಮೊದಲು ಅರಳಿಕಟ್ಟೆಯಲ್ಲಿ ಕೂತು, ‘ಕೊನೇ ಭಾಗಕ್ಕೆ ನೀರು ಬಂದಿಲ್ಲ, ಏನ್ಲಾ ಮಾಡೋದು’ ಅಂತ ಹತ್ತು ಜನ ಮಾತಾಡಿರ್ತಾರಲ್ಲ, ಸಂಘಟನೆ ಅಂದರೆ ಅದು.

ಒಳ್ಳೆಯ ಆಡಳಿತ ಕೊಟ್ಟರೆ ಸಾಕು, ಪ್ರಶ್ನೆ ಯಾಕೆ ಅನ್ನೋ ಮಾತು ಇವತ್ತೂ ಕೇಳಿಬರುತ್ತೆ. ಕಟ್ಟೆ ಕಟ್ಟಿಸಿದ ರಾಜನಿಗೆ ಕೈಮುಗಿದ ಜನವೇ, ಆ ಕಟ್ಟೆಯ ನೀರಿಗೆ ಲೆಕ್ಕವನ್ನೂ ಕೇಳಿದರು. ಎರಡೂ ಒಟ್ಟಿಗೆ ಸಾಧ್ಯ ಅಂತ ತೋರಿಸಿದ್ದು ಶಿವಪುರ. ಮುಂದಿನ ಸಲ ವಡೆಗೆ ಅಂತ ಹಳೇ ರಸ್ತೆಗೆ ಇಳಿದಾಗ, ಆ ಸೌಧದ ಮುಂದೆ ಐದು ನಿಮಿಷ ನಿಲ್ಲಿ. ಊರಿಗೆ ಹೋದ ಮೇಲೆ ಗ್ರಾಮಸಭೆ ಯಾವತ್ತು ಅಂತ ವಿಚಾರಿಸಿ.