ಇನ್‌ಲೈನ್ ಸ್ಕೇಟ್ಸ್: ಬೂಟಿನ ಹಿಡಿತ, ಚಕ್ರದ ಓಟ

ಚಕ್ರಗಳನ್ನು ಒಂದರ ಹಿಂದೊಂದು ಸಾಲಾಗಿ ಜೋಡಿಸಿದ ಬೂಟೇ ಇನ್‌ಲೈನ್ ಸ್ಕೇಟ್ಸ್. ಪ್ಯಾರಿಸ್‌ನ ಪೆತಿಬ್ಲೆ ಎಂಬಾತ ಇಂಥ ಜೋಡಣೆಗೆ 1819ರಲ್ಲೇ ಪೇಟೆಂಟ್ ಪಡೆದಿದ್ದ. ಅದು ಜನರ ಕಾಲಿಗೇರಿದ್ದು ಮಾತ್ರ 1980ರ ದಶಕದಲ್ಲಿ. ಐಸ್ ಹಾಕಿ ಆಟಗಾರರು ಬೇಸಿಗೆಯಲ್ಲೂ ಅಭ್ಯಾಸ ಮಾಡಲೆಂದು ಅಮೆರಿಕದ ಮಿನ್ನೆಸೋಟದ ಸ್ಕಾಟ್ ಮತ್ತು ಬ್ರೆನನ್ ಓಲ್ಸನ್ ಸಹೋದರರು ರೂಪಿಸಿದ ಸ್ಕೇಟ್ಸ್ 'ರೋಲರ್‌ಬ್ಲೇಡ್' ಹೆಸರಿನಲ್ಲಿ ಊರೂರು ತಲುಪಿತು. ಈಗ ರೇಸಿಗೊಂದು, ಹಾಕಿಗೊಂದು ಬಗೆಯಿದೆ. ಈ ಲೇಖನ ಹವ್ಯಾಸಕ್ಕಾಗಿ ಸ್ಕೇಟ್ ಮಾಡುವವರಿಗೆ. ಆರಾಮ ಬೇಕೋ, ವೇಗ ಬೇಕೋ ಎಂದು ಅಂಗಡಿಯಲ್ಲಿ ಹಲವರು ತೂಗಿ ನೋಡುತ್ತಾರೆ. ಹಾಗೆ ತೂಗಬೇಕಾಗಿಲ್ಲ, ಹಿಮ್ಮಡಿಯನ್ನು ಅಲ್ಲಾಡದಂತೆ ಹಿಡಿಯುವ ಬೂಟು ಎರಡನ್ನೂ ಕೊಡುತ್ತದೆ.

ಪಾದದ ಅಳತೆ

ಚಪ್ಪಲಿಯ ಸೈಜನ್ನು ನಂಬಿ ಸ್ಕೇಟ್ಸ್ ಕೊಳ್ಳಬಾರದು. ಸಂಜೆಯ ಹೊತ್ತಿಗೆ ಪಾದ ತುಸು ಊದಿಕೊಂಡಿರುತ್ತದೆ. ಅಳೆಯಲು ಅದೇ ಒಳ್ಳೆಯ ಸಮಯ. ಹಿಮ್ಮಡಿಯನ್ನು ಗೋಡೆಗೆ ಒತ್ತಿ ನಿಂತು, ಅತಿ ಉದ್ದದ ಬೆರಳಿನ ತುದಿಯವರೆಗೆ ಮಿಲಿಮೀಟರಿನಲ್ಲಿ ಅಳೆಯಬೇಕು. ಎರಡು ಪಾದಗಳಲ್ಲಿ ದೊಡ್ಡದರ ಅಳತೆಯೇ ಲೆಕ್ಕಕ್ಕೆ. ಬೂಟಿನೊಳಗೆ ಅಥವಾ ಡಬ್ಬಿಯ ಮೇಲೆ ನಮೂದಿಸುವ ಮಾಂಡೋಪಾಯಿಂಟ್ ಸಂಖ್ಯೆ ಹೇಳುವುದೂ ಪಾದದ ಉದ್ದವನ್ನೇ.

ತೊಟ್ಟು ನೆಟ್ಟಗೆ ನಿಂತಾಗ ಬೆರಳ ತುದಿ ಮುಂಭಾಗಕ್ಕೆ ಮೆಲ್ಲಗೆ ತಾಗಬೇಕು, ಮಂಡಿ ಬಗ್ಗಿಸಿದೊಡನೆ ಹಿಂದೆ ಸರಿಯಬೇಕು. ಬಗ್ಗಿದ ಮೇಲೂ ಬೆರಳು ಮಡಚಿಕೊಂಡೇ ಇದ್ದರೆ ಬೂಟು ಚಿಕ್ಕದು. ಹಿಮ್ಮಡಿ ಮೇಲೇಳುವಂತಿದ್ದರೆ ದೊಡ್ಡದು. ದಪ್ಪ ಕಾಲುಚೀಲ ಹಾಕಿ ದೊಡ್ಡ ಬೂಟನ್ನು ಸರಿಮಾಡಿಕೊಳ್ಳುವವರಿದ್ದಾರೆ. ಪಾದ ಒಳಗೆ ಜಾರಾಡುವುದು ಅದರಿಂದ ತಪ್ಪುವುದಿಲ್ಲ, ಬೊಬ್ಬೆ ಏಳುವುದೂ ಅದೇ ಜಾರಾಟದಿಂದ.

ಗಟ್ಟಿ ಬೂಟು, ಮೆದು ಬೂಟು

ಹೊರಗೆ ಪ್ಲಾಸ್ಟಿಕ್ ಚಿಪ್ಪು, ಒಳಗೆ ಬೇರೆಯೇ ತೆಗೆಯಬಹುದಾದ ಲೈನರ್ ಇರುವುದು ಗಟ್ಟಿ ಬೂಟು. ಓಟದ ಶೂ ಹಾಗೆ ಬಟ್ಟೆಯ ಮೈಯಿದ್ದು, ಕಾಲ್ಗಿಣ್ಣಿನ ಸುತ್ತ ಮಾತ್ರ ಗಟ್ಟಿ ಪಟ್ಟಿ ಇರುವುದು ಮೆದು ಬೂಟು. 1990ರ ದಶಕದಲ್ಲಿ ಕೆ2 ಕಂಪನಿ ಇದನ್ನು ಜನಪ್ರಿಯಗೊಳಿಸಿತು. ಮೆದು ಬೂಟು ಹಗುರ, ಗಾಳಿಯಾಡುತ್ತದೆ, ಅಂಗಡಿಯಲ್ಲಿ ತೊಟ್ಟ ಕ್ಷಣವೇ ಹಿತವೆನಿಸುತ್ತದೆ. ಆದರೆ ಆ ಮೊದಲ ಹಿತವನ್ನೇ ನೆಚ್ಚಿ ತೀರ್ಮಾನಿಸುವುದು ಸರಿಯಲ್ಲ. ಮೆತ್ತೆ ದಿನಗಳೆದಂತೆ ಅಡಗುತ್ತದೆ, ಆಗ ಬೂಟು ಸಡಿಲವಾಗುತ್ತದೆ. ಗಟ್ಟಿ ಬೂಟು ಮೊದಮೊದಲು ಬಿಗಿಯೆನಿಸಿದರೂ ಲೈನರ್ ಪಾದದ ಆಕಾರಕ್ಕೆ ಹೊಂದಿಕೊಳ್ಳುತ್ತದೆ. ಕೆಲವು ಲೈನರುಗಳನ್ನು ಬಿಸಿಮಾಡಿ ಪಾದಕ್ಕೆ ತಕ್ಕಂತೆ ಒಗ್ಗಿಸಬಹುದು. ಕಲಿಯುವವರಿಗೆ, ಅದರಲ್ಲೂ ಮೈಭಾರ ಹೆಚ್ಚಿರುವವರಿಗೆ ನಾನು ಗಟ್ಟಿ ಬೂಟನ್ನೇ ಹೇಳುತ್ತೇನೆ.

ಕಾಲ್ಗಿಣ್ಣು ಒಳಕ್ಕೆ ವಾಲುವುದನ್ನು ಕಂಡು ಹೊಸಬರು ತಮ್ಮ ಕಾಲಿಗೇ ಬಲವಿಲ್ಲ ಎಂದುಕೊಳ್ಳುತ್ತಾರೆ. ಹಲವು ಬಾರಿ ಕಾರಣ ಸಡಿಲ ಬೂಟು, ಇಲ್ಲವೇ ಬೂಟಿನಡಿ ಚಕ್ರಗಳನ್ನು ಹಿಡಿದಿರುವ ಫ್ರೇಮ್ ಓರೆಯಾಗಿ ಕೂತಿರುವುದು. ಕೆಲವು ಸ್ಕೇಟ್ಸ್‌ಗಳಲ್ಲಿ ಫ್ರೇಮನ್ನು ತುಸು ಒಳಕ್ಕೋ ಹೊರಕ್ಕೋ ಸರಿಸಲು ಬರುತ್ತದೆ. ಹಿಮ್ಮಡಿಯನ್ನು ಹಿಂದಕ್ಕೆ ಕೂರಿಸುವ ನಡುವಿನ ಓರೆ ಪಟ್ಟಿಯನ್ನು ಮೊದಲು ಬಿಗಿಯಬೇಕು, ಮೇಲಿನ ಬಕಲ್ ಆಮೇಲೆ.

ಚಕ್ರಗಳು

ಚಕ್ರದ ಮೇಲೆ ಎರಡು ಸಂಖ್ಯೆಗಳಿರುತ್ತವೆ: ವ್ಯಾಸ ಮತ್ತು ಗಡಸುತನ. ಹವ್ಯಾಸದ ಸ್ಕೇಟ್ಸ್‌ಗೆ ಸಾಮಾನ್ಯವಾಗಿ 76ರಿಂದ 90 ಮಿ.ಮೀ. ವ್ಯಾಸದ ನಾಲ್ಕು ಚಕ್ರ. ಕೆಲವದರಲ್ಲಿ 100 ಅಥವಾ 110 ಮಿ.ಮೀ.ನ ಮೂರು. ದೊಡ್ಡ ಚಕ್ರ ರಸ್ತೆಯ ಬಿರುಕು, ಜಲ್ಲಿಯ ಮೇಲೆ ಸಲೀಸಾಗಿ ಹಾಯುತ್ತದೆ, ಪಡೆದ ವೇಗವನ್ನು ಬಿಡುವುದಿಲ್ಲ. ಆದರೆ ಪಾದವನ್ನು ನೆಲದಿಂದ ಎತ್ತರಕ್ಕೆ ಏರಿಸುತ್ತದೆ, ನಿಂತಲ್ಲಿಂದ ಹೊರಡಲು, ಥಟ್ಟನೆ ತಿರುಗಲು ಹೆಚ್ಚು ಶ್ರಮ ಬೇಡುತ್ತದೆ. ಹೊಸಬರಿಗೆ 80 ಮಿ.ಮೀ. ಸಾಕು.

ಗಡಸುತನವನ್ನು ಡ್ಯೂರೋಮೀಟರಿನಲ್ಲಿ 78ಎ, 82ಎ, 85ಎ ಎಂದು ಬರೆಯುತ್ತಾರೆ. ಸಂಖ್ಯೆ ಏರಿದಷ್ಟೂ ಗಡಸು. ನುಣುಪಾದ ಗಟ್ಟಿ ನೆಲದಲ್ಲಿ ಗಡಸು ಚಕ್ರ ಚುರುಕು. ಒರಟು ಡಾಂಬರಿನ ಮೇಲೆ ಅದೇ ಚಕ್ರ ಪ್ರತಿ ಕಲ್ಲಿನ ಕಂಪನವನ್ನೂ ಮಂಡಿಗೆ ತಲುಪಿಸುತ್ತದೆ, ಆ ಕಂಪನದಲ್ಲೇ ನಮ್ಮ ಶಕ್ತಿ ಸೋರಿಹೋಗುತ್ತದೆ. ತುಸು ಮೆದುವಾದ ಚಕ್ರ ಅಲ್ಲಿ ಆರಾಮವಾಗಿಯೂ ಚೆನ್ನಾಗಿಯೂ ಓಡುತ್ತದೆ, ಬೇಗ ಸವೆಯುತ್ತದೆ ಎಂಬುದೊಂದೇ ಕೊರತೆ. ನಮ್ಮ ಊರುಗಳ ರಸ್ತೆ, ಪಾರ್ಕಿನ ಹಾದಿಗಳಿಗೆ 82ಎ ಆಸುಪಾಸು ನನ್ನ ಆಯ್ಕೆ. ಅಗ್ಗದ ಸ್ಕೇಟ್ಸ್‌ಗೆ ಪಿವಿಸಿ ಚಕ್ರ ಹಾಕಿರುವುದುಂಟು. ಅದಕ್ಕೆ ನೆಲದ ಹಿಡಿತವಿಲ್ಲ. ಪಾಲಿಯುರೆಥೇನ್ ಹೌದೇ ಎಂದು ಕೇಳಿಯೇ ಕೊಳ್ಳಬೇಕು.

ಫ್ರೇಮಿನ ವಿಷಯ ಚಿಕ್ಕದು. ಅಲ್ಯೂಮಿನಿಯಂ ಬಾಗುವುದಿಲ್ಲ, ಒದ್ದ ಬಲ ನೇರ ಚಕ್ರಕ್ಕೆ ಹೋಗುತ್ತದೆ. ಪ್ಲಾಸ್ಟಿಕ್ ಮಿಶ್ರಣದ ಫ್ರೇಮ್ ಕಂಪನ ತಗ್ಗಿಸುತ್ತದೆ, ಆದರೆ ಭಾರಕ್ಕೆ ಬಾಗಬಹುದು.

ಬೇರಿಂಗ್ ಮತ್ತು ಎಬೆಕ್

ಡಬ್ಬಿಯ ಮೇಲೆ ಎದ್ದು ಕಾಣುವ 'ಎಬೆಕ್ 7', 'ಎಬೆಕ್ 9' ವೇಗದ ಅಳತೆಯಲ್ಲ. ಬೇರಿಂಗಿನ ಭಾಗಗಳನ್ನು ಎಷ್ಟು ಕರಾರುವಾಕ್ಕಾಗಿ ತಯಾರಿಸಲಾಗಿದೆ ಎಂಬುದರ ದರ್ಜೆ ಅದು: 1, 3, 5, 7, 9. ಲೋಹದ ಗುಣ, ಗ್ರೀಸು, ಧೂಳಿನ ತಡೆ ಯಾವುದನ್ನೂ ಅದು ಹೇಳುವುದಿಲ್ಲ. ಗಂಟೆಗೆ 20 ಕಿ.ಮೀ. ವೇಗದಲ್ಲಿ 80 ಮಿ.ಮೀ. ಚಕ್ರ ನಿಮಿಷಕ್ಕೆ ಸುಮಾರು 1,300 ಸುತ್ತು ತಿರುಗುತ್ತದೆ. ಸ್ಕೇಟ್ಸ್‌ನಲ್ಲಿ ಬಳಸುವ 608 ಅಳತೆಯ ಬೇರಿಂಗ್ ನಿಮಿಷಕ್ಕೆ ಹತ್ತಾರು ಸಾವಿರ ಸುತ್ತು ತಾಳಬಲ್ಲದು. ಹೀಗಾಗಿ 5ರಿಂದ 9ಕ್ಕೆ ಏರಿದರೆ ಸಂಜೆಯ ಸವಾರಿಯಲ್ಲಿ ವ್ಯತ್ಯಾಸ ಗೊತ್ತಾಗುವುದು ಕಷ್ಟ. ಅಂಗಡಿಯವರು ಬೆರಳಿನಿಂದ ಚಕ್ರ ತಿರುಗಿಸಿ ತೋರಿಸುವುದಕ್ಕೂ ಬೆಲೆ ಕೊಡಬೇಕಿಲ್ಲ: ತೆಳು ಎಣ್ಣೆಯ ಬೇರಿಂಗ್ ಬರಿಗೈಗೆ ಹೆಚ್ಚು ಹೊತ್ತು ತಿರುಗುತ್ತದೆ, ದಪ್ಪ ಗ್ರೀಸಿನದು ಬೇಗ ನಿಲ್ಲುತ್ತದೆ. ಮೈಭಾರ ಬಿದ್ದಾಗಿನ ನಡತೆಯೇ ಬೇರೆ.

ಬ್ರೇಕ್

ಬ್ರೇಕು ಸಾಮಾನ್ಯವಾಗಿ ಬಲಗಾಲಿನ ಹಿಮ್ಮಡಿಯ ರಬ್ಬರ್ ತುಂಡು. ಆ ಕಾಲನ್ನು ಮುಂದಕ್ಕೆ ಚಾಚಿ, ಬೆರಳ ತುದಿ ಎತ್ತಿದರೆ ರಬ್ಬರು ನೆಲಕ್ಕೆ ಉಜ್ಜುತ್ತದೆ. ಕಲಿಯುವವರು ಇದನ್ನು ಕಳಚಬಾರದು. ಎಡಗಾಲು ವಾಟವಾದವರಿಗೆ ಬದಲಿಸಿ ಕೂರಿಸಲು ಬರುತ್ತದೆಯೇ, ಸವೆದ ಮೇಲೆ ಬಿಡಿ ರಬ್ಬರು ಸಿಗುತ್ತದೆಯೇ ಎಂದು ಮೊದಲೇ ವಿಚಾರಿಸಬೇಕು.

ತೊಟ್ಟು ನೋಡುವಾಗ

ಎರಡೂ ಬೂಟು ತೊಟ್ಟು ಹದಿನೈದು ನಿಮಿಷ ಹಾಗೇ ಇರಬೇಕು. ಮಂಡಿ ಬಗ್ಗಿಸಿ, ಮುಂಗಾಲಿನ ಮೂಳೆಯನ್ನು ಬೂಟಿನ ನಾಲಗೆಗೆ ಒರಗಿಸಿ ನಿಲ್ಲಬೇಕು. ಎಲ್ಲ ಕಡೆ ಸಮನಾದ ಒತ್ತಡವಿದ್ದರೆ ಸರಿ. ಕಾಲ್ಗಿಣ್ಣಿನ ಮೂಳೆಯ ಮೇಲೋ ಕಿರುಬೆರಳ ಬದಿಗೋ ಒಂದೇ ಚುಕ್ಕೆಯಲ್ಲಿ ಚುಚ್ಚಿದರೆ ಬೇರೆ ಮಾದರಿ ನೋಡಬೇಕು. ಬಳಸುತ್ತಾ ಸರಿಹೋಗುತ್ತದೆ ಎಂಬ ಮಾತು ಒಟ್ಟು ಬಿಗಿತಕ್ಕೆ ಅನ್ವಯಿಸುತ್ತದೆ, ಇಂಥ ಚುಚ್ಚುವಿಕೆಗಲ್ಲ. ಪಾದ ಜೋಮು ಹಿಡಿದರೆ ಮಾತ್ರ ಬೂಟನ್ನು ತಿರಸ್ಕರಿಸುವ ಮೊದಲು ಪಟ್ಟಿಗಳನ್ನು ಒಮ್ಮೆ ಸಡಿಲಿಸಿ, ಮತ್ತೆ ಕಟ್ಟಿ ನೋಡಬಹುದು.