ಖಾರಾ ಪೊಟ್ಟಣದ ಹೊಳಪು



ಸವಣೂರು ಎಂದೊಡನೆ ನೆನಪಾಗುವುವು ಎರಡು: ವೀಳ್ಯದೆಲೆ ಮತ್ತು ಖಾರಾ. 1948ರವರೆಗೆ ನವಾಬರ ಸಂಸ್ಥಾನವಾಗಿದ್ದ ಈ ಊರು ಇಂದು, 1997ರಲ್ಲಿ ರಚನೆಯಾದ ಹಾವೇರಿ ಜಿಲ್ಲೆಯ ತಾಲ್ಲೂಕು ಕೇಂದ್ರ. ಇಲ್ಲಿನ ಖಾರಾವನ್ನು ಹಿಂದೆ ಕಾಗದದ ಪೊಟ್ಟಣದಲ್ಲಿ ಕಟ್ಟಿಕೊಡುತ್ತಿದ್ದರು. ಮನೆ ಮುಟ್ಟುವಷ್ಟರಲ್ಲಿ ಕಾಗದವೆಲ್ಲ ಎಣ್ಣೆಯ ಕಲೆ. ಎರಡು ದಿನದಲ್ಲಿ ತಿಂದು ಮುಗಿಸುವ ತಿನಿಸಿಗೆ ಅಷ್ಟು ಸಾಕಾಗಿತ್ತು. (ಅಚ್ಚಾದ ಪತ್ರಿಕೆಯಲ್ಲಿ ತಿನಿಸು ಕಟ್ಟುವುದನ್ನು 2018ರ ಆಹಾರ ಪೊಟ್ಟಣ ನಿಯಮಗಳು ನಿಷೇಧಿಸಿವೆ. ಮಸಿ ಹೊಟ್ಟೆಗೆ ಹೋಗಬಾರದಷ್ಟೆ!)

ಆದರೆ ಅದೇ ಖಾರಾ ಬೆಂಗಳೂರಿನ ಅಂಗಡಿಯಲ್ಲಿ ಎರಡು ತಿಂಗಳು ಕೂರಬೇಕಾದರೆ? ಗಾಳಿಯ ಆಮ್ಲಜನಕ ಎಣ್ಣೆಯನ್ನು ಕೆಡಿಸುತ್ತದೆ, ಬೆಳಕು ಆ ಕೆಲಸವನ್ನು ಚುರುಕುಗೊಳಿಸುತ್ತದೆ. ಕಮಟು ವಾಸನೆ ಹುಟ್ಟುತ್ತದೆ. ತೇವ ಸೇರಿದರೆ ಗರಿಗರಿತನವೂ ಹೋಯಿತು. ಒಮ್ಮೆ ಕಮಟು ಹಿಡಿದ ಪೊಟ್ಟಣ ಕೊಂಡವನು ಮತ್ತೆ ಆ ಊರಿನ ಹೆಸರು ನೋಡಿ ಕೊಳ್ಳುವನೇ? ಸಣ್ಣ ತಯಾರಕನಿಗೆ ಇದು ಅನ್ನದ ಪ್ರಶ್ನೆ.

ಆಹಾರಕ್ಕೆ ಲೋಹದ ತೆಳು ಹೊದಿಕೆ ನಮಗೆ ಹೊಸದಲ್ಲ. ಬೀಡಾ, ಮಿಠಾಯಿಗಳ ಮೇಲೆ ಬೆಳ್ಳಿಯ ವರ್ಕು ಹಚ್ಚುವುದು ಹಳೆಯ ರೂಢಿ. ಆದರೆ ಅದು ಅಂದಕ್ಕೆ, ರಕ್ಷಣೆಗಲ್ಲ. ಅಲ್ಯೂಮಿನಿಯಂ ಒಂದು ಕಾಲಕ್ಕೆ ಬೆಳ್ಳಿಗಿಂತಲೂ ದುಬಾರಿಯಾಗಿತ್ತು. 1886ರಲ್ಲಿ ಅಮೆರಿಕದ ಹಾಲ್ ಮತ್ತು ಫ್ರಾನ್ಸಿನ ಎರೂ, ಒಬ್ಬರಿಗೊಬ್ಬರು ತಿಳಿಯದೆಯೇ, ವಿದ್ಯುತ್ತಿನಿಂದ ಅದನ್ನು ಬೇರ್ಪಡಿಸುವ ಒಂದೇ ವಿಧಾನವನ್ನು ಕಂಡುಹಿಡಿದರು. ಬೆಲೆ ಇಳಿಯಿತು. 1910ರ ಹೊತ್ತಿಗೆ ಸ್ವಿಟ್ಜರ್ಲೆಂಡಿನಲ್ಲಿ ಅದನ್ನು ಹಾಳೆಯಾಗಿ ಲಟ್ಟಿಸತೊಡಗಿದರು. ಚಾಕೊಲೇಟಿಗೆ ಸುತ್ತುತ್ತಿದ್ದ ತವರದ ಹಾಳೆ ಕ್ರಮೇಣ ಮೂಲೆ ಸೇರಿತು. ನಮ್ಮ ಬೆಳಗಾವಿಯಲ್ಲೂ ಬಾಕ್ಸೈಟ್ ಅದಿರಿನಿಂದ ಅಲ್ಯೂಮಿನಾ ತಯಾರಿಸುವ ದೊಡ್ಡ ಕಾರ್ಖಾನೆಯಿದೆ.

ಇದೇ ಅಲ್ಯೂಮಿನಿಯಂ ಇನ್ನೊಂದು ರೂಪದಲ್ಲಿ ಬಂದದ್ದು ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ. ಗಾಳಿ ತೆಗೆದ ಪೆಟ್ಟಿಗೆಯೊಳಗೆ ಲೋಹವನ್ನು ಕಾಯಿಸಿ ಆವಿ ಮಾಡಿ, ಓಡುತ್ತಿರುವ ಪ್ಲಾಸ್ಟಿಕ್ ಹಾಳೆಯ ಮೇಲೆ ಕೂರಿಸುತ್ತಾರೆ. ಇದೇ ಮೆಟಲೈಸ್ಡ್ ಫಿಲ್ಮ್. ಪೊಟ್ಟಣಕ್ಕೆ ಬಳಸುವ ಅಲ್ಯೂಮಿನಿಯಂ ಹಾಳೆಯ ದಪ್ಪ ಸಾಮಾನ್ಯವಾಗಿ 7ರಿಂದ 9 ಮೈಕ್ರಾನ್. ಫಿಲ್ಮಿನ ಮೇಲಿನ ಲೋಹಲೇಪ ಸುಮಾರು 0.03ರಿಂದ 0.05 ಮೈಕ್ರಾನ್ ಮಾತ್ರ. ಅಂದರೆ ನೂರೈವತ್ತು, ಇನ್ನೂರು ಪಟ್ಟು ತೆಳು. ಒಂದು ಕಿಲೋ ಅಲ್ಯೂಮಿನಿಯಂ ತೆಗೆಯಲು ಸುಮಾರು 14 ಯೂನಿಟ್ ವಿದ್ಯುತ್ ಬೇಕೆಂಬುದನ್ನು ನೆನೆದರೆ ಈ ಉಳಿತಾಯದ ಬೆಲೆ ತಿಳಿಯುತ್ತದೆ.

ನೋಡಲು ಎರಡೂ ಒಂದೇ ಹೊಳಪು. ಗುರುತಿಸುವುದು ಹೇಗೆ? ಖಾಲಿ ಪೊಟ್ಟಣವನ್ನು ಮುಷ್ಟಿಯಲ್ಲಿ ಹಿಚುಕಿ ಬಿಡಿ. ಅಲ್ಯೂಮಿನಿಯಂ ಹಾಳೆ ಮಡಚಿದಂತೆಯೇ ಉಳಿಯುತ್ತದೆ. ಫಿಲ್ಮ್ ಮೆಲ್ಲನೆ ಅರಳುತ್ತದೆ. ಅಚ್ಚಿಲ್ಲದ ಭಾಗವನ್ನು ಟಾರ್ಚಿನ ಮುಂದೆ ಹಿಡಿದರೆ ಫಿಲ್ಮಿನಲ್ಲಿ ಬೆಳಕು ಮಂಕಾಗಿ ತೋರುತ್ತದೆ, ಹಾಳೆಯಲ್ಲಿ ಕತ್ತಲೆಯೇ. ಹಾಗಾದರೆ ಹಾಳೆಯೇ ಮೇಲಲ್ಲವೇ? ಪೂರ್ತಿ ಹಾಗಲ್ಲ. ಬಸ್ಸಿನ ಮೇಲೆ, ಲಾರಿಯಲ್ಲಿ ಕುಲುಕಿ ಮಡಿಕೆ ಬಿದ್ದಲ್ಲಿ ತೆಳು ಹಾಳೆಗೆ ಸೂಜಿಮೊನೆಯಷ್ಟು ರಂಧ್ರಗಳಾಗುತ್ತವೆ. ಫಿಲ್ಮ್ ಈ ಕುಲುಕಾಟವನ್ನು ಹೆಚ್ಚು ತಾಳುತ್ತದೆ. ಒಂದೆರಡು ತಿಂಗಳಲ್ಲಿ ಮಾರಾಟವಾಗುವ ಖಾರಾಕ್ಕೆ, ಒಳಗೆ ಸಾರಜನಕ ತುಂಬಿದ ಮೆಟಲೈಸ್ಡ್ ಪೊಟ್ಟಣ ಸಾಕು ಎಂದೇ ನನ್ನ ಅಭಿಪ್ರಾಯ. ಹಿರೇಕೆರೂರು, ಶಿಗ್ಗಾವಿ ಕಡೆಯ ರೈತರಿಗೆ ಪರಿಚಿತವಾದ ಬ್ಯಾಡಗಿ ಪೇಟೆಯ ಮೆಣಸಿನಕಾಯಿಯ ಮಾತು ತುಸು ಬೇರೆ. ಅದಕ್ಕೆ ಬೆಲೆ ಬರುವುದೇ ಬಣ್ಣದಿಂದ, ಆ ಬಣ್ಣಕ್ಕೆ ಬೆಳಕೇ ಶತ್ರು. ಪುಡಿಯನ್ನು ವರ್ಷಗಟ್ಟಲೆ ಇಡುವುದಾದರೆ ಹಾಳೆಗೆ ಹಣ ಹಾಕಬೇಕು.

ಬೇಯಿಸಿದ ಆಹಾರಕ್ಕಂತೂ ಸಾಮಾನ್ಯವಾಗಿ ನೆಚ್ಚುವುದು ಹಾಳೆಯನ್ನೇ. 1961ರಲ್ಲಿ ಮೈಸೂರಿನಲ್ಲಿ ಆರಂಭವಾದ ರಕ್ಷಣಾ ಆಹಾರ ಸಂಶೋಧನಾ ಪ್ರಯೋಗಾಲಯ ಸೈನಿಕರಿಗಾಗಿ ಇಂಥ ಚೀಲಗಳ ಕೆಲಸ ಮಾಡಿದೆ. 1984ರಲ್ಲಿ ರಾಕೇಶ್ ಶರ್ಮಾ ಅಂತರಿಕ್ಷಕ್ಕೆ ಹೋದಾಗ ಭಾರತೀಯ ಊಟ ಸಿದ್ಧಪಡಿಸಿದ್ದೂ ಇದೇ ಸಂಸ್ಥೆ. ಪ್ಲಾಸ್ಟಿಕ್ ಪದರಗಳ ನಡುವೆ ಹಾಳೆಯಿಟ್ಟ ಚೀಲದಲ್ಲಿ ಪಲಾವನ್ನೋ ಪಲ್ಯವನ್ನೋ ಮುಚ್ಚಿ, 121 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಒತ್ತಡದಡಿ ಕಾಯಿಸಿದರೆ ಶೀತಕವಿಲ್ಲದೆಯೂ ತಿಂಗಳುಗಟ್ಟಲೆ ಕೆಡದು. ಹಾನಗಲ್ಲಿನ ಮಾವಿನ ತಿರುಳನ್ನೂ ಡಬ್ಬಿಯ ಬದಲು ಚೀಲದಲ್ಲಿ ಕಾಪಾಡಬೇಕೆಂದರೆ ಹಾಳೆಯನ್ನು ನೆಚ್ಚಬಹುದು.

ತಿಂದಾದ ಮೇಲಿನ ಲೆಕ್ಕದಲ್ಲಿ ಎರಡಕ್ಕೂ ಅಂಕ ಕಡಿಮೆ. ಪ್ಲಾಸ್ಟಿಕ್ಕಿಗೆ ಅಂಟಿದ ಲೋಹವನ್ನು ಬಿಡಿಸುವುದು ಕಷ್ಟ. ಗುಜರಿಯವರೂ ಕೊಳ್ಳುವುದು ಅಪರೂಪ. ಚರಂಡಿಯಲ್ಲಿ ಮಿನುಗುತ್ತ ಬಿದ್ದಿರುವುವು ಇವೇ.

ಇನ್ನು ಸವಣೂರಿನ ಆ ಎಲೆಯ ಸಂಗತಿ. ಕೊಯ್ದ ಮೇಲೂ ವೀಳ್ಯದೆಲೆ ಉಸಿರಾಡುತ್ತದೆ. ಗಾಳಿಯಾಡದ ಹೊಳೆಯುವ ಚೀಲದಲ್ಲಿ ಬಿಗಿದರೆ ಬೆವೆತು ಕೊಳೆಯುತ್ತದೆ. ಅದಕ್ಕೆ ಒಗ್ಗುವುದು ಬಾಳೆಎಲೆ ಹಾಸಿದ ಬುಟ್ಟಿ, ಮೇಲೊಂದು ಒದ್ದೆ ಬಟ್ಟೆ.