ಭಿಕ್ಷೆಯ ಲೆಕ್ಕ: ನಾಯಕನಹಟ್ಟಿಯ ಒಳಮಠ, ಹೊರಮಠಗಳ ಆಡಳಿತ

ಚಳ್ಳಕೆರೆ, ಮೊಳಕಾಲ್ಮುರು ಸೀಮೆಯು ಮಳೆ ಕಡಿಮೆಯಾದ ನಾಡು. ಇಲ್ಲಿ ಕೆರೆ ಕಟ್ಟಿಸಿದವರನ್ನು ಜನ ದೈವವೆಂದೇ ಪೂಜಿಸುತ್ತಾರೆ. ಪಂಚಗಣಾಧೀಶರಲ್ಲಿ ಒಬ್ಬರಾದ ಶ್ರೀ ಗುರು ತಿಪ್ಪೇರುದ್ರಸ್ವಾಮಿಗಳು ಚಳ್ಳಕೆರೆ ತಾಲ್ಲೂಕಿನ ನಾಯಕನಹಟ್ಟಿಯಲ್ಲಿ ಕೆರೆ ಕಟ್ಟಿಸುವಾಗ, ಸಂಜೆ ಪ್ರತಿಯೊಬ್ಬ ಕೂಲಿಯವನ ಮಣ್ಣಿನ ಗುಡ್ಡೆಯಲ್ಲಿ ಆತ ದುಡಿದಷ್ಟೇ ಹಣ ದೊರೆಯುತ್ತಿತ್ತೆಂದು ಐತಿಹ್ಯ ಹೇಳುತ್ತದೆ. ‘ಮಾಡಿದಷ್ಟು ನೀಡು ಭಿಕ್ಷೆ’ ಎಂಬ ಅವರ ನುಡಿ ಕಾಯಕದ ಮಾತು ಮಾತ್ರವಲ್ಲ, ಲೆಕ್ಕದ ಮಾತೂ ಹೌದು.

ಸ್ವಾಮಿಗಳ ಸ್ಥಾನಗಳಿಗೆ ಒಳಮಠ, ಹೊರಮಠವೆಂದು ಹೆಸರು. ಹೆಸರಿನಲ್ಲಿ ಮಠವಿದ್ದರೂ ಆಡಳಿತದಲ್ಲಿ ಇವು ಮುಜರಾಯಿ ದೇವಾಲಯಗಳು. ಹಳೆಯ ಮೈಸೂರು ಸಂಸ್ಥಾನದಲ್ಲಿ ಇಂತಹ ಸಂಸ್ಥೆಗಳಿಗೆ 1927ರ ಅಧಿನಿಯಮವಿತ್ತು. ಅದರ ಸ್ಥಾನದಲ್ಲಿ ಕರ್ನಾಟಕ ಹಿಂದೂ ಧಾರ್ಮಿಕ ಸಂಸ್ಥೆಗಳು ಮತ್ತು ಧರ್ಮಾದಾಯ ದತ್ತಿಗಳ ಅಧಿನಿಯಮ, 1997 ಬಂದು, 2003ರಲ್ಲಿ ಜಾರಿಯಾಯಿತು. ಉಚ್ಚ ನ್ಯಾಯಾಲಯವು 2006ರಲ್ಲಿ ಅದನ್ನು ರದ್ದುಪಡಿಸಿತಾದರೂ ಸರ್ವೋಚ್ಚ ನ್ಯಾಯಾಲಯ ಆ ತೀರ್ಪಿಗೆ ತಡೆ ನೀಡಿತು. 2011ರಲ್ಲಿ ತಿದ್ದುಪಡಿಯೂ ಆಯಿತು. ಈ ಕಾಯಿದೆಯಂತೆ ವ್ಯವಸ್ಥಾಪನಾ ಸಮಿತಿಗೆ ಒಂಬತ್ತು ಸದಸ್ಯರು, ಮೂರು ವರ್ಷಗಳ ಅವಧಿ. ಅರ್ಚಕರು, ಮಹಿಳೆಯರು, ಪರಿಶಿಷ್ಟರು, ಸ್ಥಳೀಯರು ಎಲ್ಲರಿಗೂ ಅದರಲ್ಲಿ ಸ್ಥಾನವುಂಟು. ಆಯವ್ಯಯ ಪಟ್ಟಿ ಮತ್ತು ಲೆಕ್ಕಪರಿಶೋಧನೆ ಕಡ್ಡಾಯ.

ಫಾಲ್ಗುಣ ಮಾಸದ ರಥೋತ್ಸವದಲ್ಲಿ ರಥ ಚಲಿಸುವ ಮುನ್ನ ಮುಕ್ತಿ ಬಾವುಟದ ಹರಾಜು ನಡೆಯುತ್ತದೆ. ಲಕ್ಷಾಂತರ ರೂಪಾಯಿಗಳ ಆ ಮೊತ್ತವನ್ನು ನೆರೆದ ಭಕ್ತಸಮೂಹವೆಲ್ಲ ಕಿವಿಯಾರೆ ಕೇಳುತ್ತದೆ. ಬಂದ ಹಣ ಹೀಗೆ ಬಹಿರಂಗ. ಹೋದ ಹಣವೂ ಅಷ್ಟೇ ಬಹಿರಂಗವಾದಾಗ ಮಾತ್ರ ಸ್ವಾಮಿಗಳ ನುಡಿ ಪೂರ್ಣವಾಗುತ್ತದೆ. ಹುಂಡಿಗೆ ಬಿದ್ದ ನಾಣ್ಯದ ಹಿಂದೆ ಶೇಂಗಾ ಬೆಳೆದ ರೈತನ, ಕಂಬಳಿ ನೇಯ್ದ ಕುರುಬನ, ಮೊಳಕಾಲ್ಮುರಿನ ರೇಷ್ಮೆ ನೇಕಾರನ ಬೆವರಿದೆ.

ಗುರುಪೀಠವಿರುವ ಮಠಗಳ ಸ್ಥಿತಿ ಬೇರೆ. ಮೇಲಿನ ಕಾಯಿದೆಯು ಮಠಗಳನ್ನೂ ಅವುಗಳಿಗೆ ಸೇರಿದ ದೇವಾಲಯಗಳನ್ನೂ ಬಹುಮಟ್ಟಿಗೆ ಹೊರಗಿಟ್ಟಿದೆ. ಉಡುಪಿಯ ಶಿರೂರು ಮಠದ ಪ್ರಕರಣದಲ್ಲಿ 1954ರಲ್ಲಿ ಸರ್ವೋಚ್ಚ ನ್ಯಾಯಾಲಯವು ಧರ್ಮಾಚರಣೆಯ ಸ್ವಾತಂತ್ರ್ಯವನ್ನು ಎತ್ತಿಹಿಡಿಯಿತು. ಆದರೆ ಆಸ್ತಿಯ ಆಡಳಿತ ಕಾನೂನಿಗೆ ಒಳಪಟ್ಟದ್ದೆಂದೂ ಹೇಳಿತು. ಪೀಠಕ್ಕೆ ದೊರೆತ ವಿನಾಯಿತಿ ಲೆಕ್ಕದಿಂದ ದೊರೆತ ವಿನಾಯಿತಿಯಲ್ಲ.

ಶರಣರಿಗೆ ಇದನ್ನು ಯಾವ ನ್ಯಾಯಾಲಯವೂ ಹೇಳಬೇಕಾಗಿರಲಿಲ್ಲ. ಆಯ್ದಕ್ಕಿ ಮಾರಯ್ಯನು ಅಗತ್ಯಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ ಲಕ್ಕಮ್ಮ ಅದನ್ನು ಮರಳಿ ಸುರಿದು ಬರುವಂತೆ ಕಳುಹಿಸಿದಳು. ಆ ಮನೆಯಲ್ಲಿ ಆಯುಕ್ತರಿರಲಿಲ್ಲ, ಲೆಕ್ಕಪರಿಶೋಧಕರಿರಲಿಲ್ಲ. ಪ್ರಶ್ನಿಸುವ ಒಬ್ಬ ಸತಿಯಿದ್ದಳು, ಪ್ರಶ್ನೆಗೆ ತಲೆಬಾಗುವ ಪತಿಯಿದ್ದನು. ಲೆಕ್ಕ ಕೇಳುವುದು ಭಕ್ತಿಗೆ ಭಂಗವೆಂದು ಭಾವಿಸುವವರು ಈ ದಂಪತಿಗಳನ್ನು ನೆನೆಯಬೇಕು. ಕೊಟ್ಟವನು ಕೇಳುವುದೂ ಪಡೆದವನು ಒಪ್ಪಿಸುವುದೂ ದಾಸೋಹದ ಅಂಗಗಳೇ ಆಗಿವೆ.